ಗ್ರೈಂಡರನ್ನು ಅಂಗಡಿಯಲ್ಲಿ ನೋಡಿ ಫೋನಿನಲ್ಲಿ ಕೊಂಡೆ, ಈಗ ಅದರ ಬೆಲ್ಟಿಗೆ ಅದೇ ಅಂಗಡಿಗೆ ಹೋಗಬೇಕು. ನೀವು ಯಾವುದನ್ನು ಎಲ್ಲಿ ಕೊಳ್ಳುತ್ತೀರಿ?

ಡೊಂಬಿವಲಿ ಪೂರ್ವ, ಭಾನುವಾರ ರಾತ್ರಿ 9:42

ಮುಂಬಯಿ, ಪುಣೆ, ಗೋವಾದ ಕನ್ನಡದವರೇ, ಸ್ವಲ್ಪ ನಾಚಿಕೆಯಿಂದಲೇ ಬರೆಯುತ್ತಿದ್ದೇನೆ.

ನಮ್ಮ ಮನೆಯ ಗ್ರೈಂಡರ್ 14 ವರ್ಷ ದುಡಿದು ಹೋದ ತಿಂಗಳು ಕೈ ಎತ್ತಿತು. ಸ್ಲೋ ಲೋಕಲ್ ಹಿಡಿದು ಮಾಟುಂಗಾಕ್ಕೆ ಹೋದೆವು. ಕಾಫಿ ಪುಡಿ, ಬಾಳೆಲೆ, ಸಾಂಬಾರ್ ಸೌತೆ ಎಲ್ಲ ಆದ ಮೇಲೆ ಒಂದು ಪಾತ್ರೆ ಅಂಗಡಿಗೆ ನುಗ್ಗಿದೆ. ಅಲ್ಲಿಯ ಹಿರಿಯರು ಮೂರು ಗ್ರೈಂಡರ್ ಇಳಿಸಿ, ಡಬ್ಬ ಬಿಚ್ಚಿ, ನೀರು ಹಾಕಿ ಓಡಿಸಿ ತೋರಿಸಿದರು. ಯಾವುದು ಜಾಸ್ತಿ ಸದ್ದು ಮಾಡುತ್ತದೆ, ಯಾವುದರ ಕಲ್ಲು ತೊಳೆಯಲು ಸುಲಭ, ಎಲ್ಲ ಹೇಳಿದರು. "ಹೊಸ ಕಲ್ಲಿಗೆ ಮೊದಲು ಹಳೆ ಅಕ್ಕಿ ಹಾಕಿ ಎರಡು ಸಲ ಅರೆದು ಚೆಲ್ಲಬೇಕು, ಇಲ್ಲದಿದ್ದರೆ ದೋಸೆಯಲ್ಲಿ ಕಲ್ಲಿನ ಪುಡಿ ಬರುತ್ತದೆ" ಎಂದೂ ಹೇಳಿಕೊಟ್ಟರು. ಮುಕ್ಕಾಲು ಗಂಟೆ. ಬೆಲೆ 5,400 ಅಂದರು. ನಾನು "ಮನೆಯವರನ್ನು ಕೇಳಿ ಬರುತ್ತೇನೆ" ಎಂದೆ. ಮನೆಯವರು ಅಂಗಡಿಯ ಬಾಗಿಲಲ್ಲೇ ಕಡಲೆಕಾಯಿ ತಿನ್ನುತ್ತ ನಿಂತಿದ್ದರು.

ವಾಪಸ್ ಬರುವಾಗ ಟ್ರೈನಿನಲ್ಲಿ ಫೋನ್ ತೆಗೆದೆ. ಅದೇ ಕಂಪನಿ, ಅದೇ ಮಾಡೆಲ್, 4,650. ಇಷ್ಟು ಭಾರ ಹೊತ್ತು ಲೋಕಲ್ ಹತ್ತುವುದೂ ತಪ್ಪಿತಲ್ಲ ಅಂದುಕೊಂಡೆ. ವಿಕ್ರೋಳಿ ಬರುವಷ್ಟರಲ್ಲಿ ಆರ್ಡರ್ ಆಗಿತ್ತು.

ಮೂರು ದಿನಕ್ಕೆ ಬಂತು. ಅಷ್ಟರಲ್ಲಿ ನಾನು ಊರಿಗೆ ಹೋಗಬೇಕಾಯಿತು. ಬಂದು ಹತ್ತನೇ ದಿನ ಉದ್ದು ಹಾಕಿದರೆ ಅರ್ಧ ತುಂಬುವಷ್ಟರಲ್ಲಿ ಡ್ರಮ್ ನಿಂತುಬಿಡುತ್ತದೆ. ಮೋಟಾರು ಗುಂಯ್ ಅನ್ನುತ್ತದೆ, ಬೆಲ್ಟು ಜಾರುತ್ತದೆ. ವಾಪಸ್ ಕೊಡುವ ಗಡುವು 7 ದಿನವಂತೆ, ಮುಗಿದಿತ್ತು. ಸರ್ವಿಸಿನವರು "ನಾಳೆ ಬರುತ್ತಾರೆ" ಎಂದು ಹೇಳಿ ನಾಲ್ಕು ನಾಳೆ ಕಳೆಯಿತು. ಬೆಲ್ಟು ಸಿಗುವ ಜಾಗ ನನಗೆ ಗೊತ್ತಿರುವುದು ಒಂದೇ. ಆ ಅಜ್ಜನ ಅಂಗಡಿ. ಯಾವ ಮುಖ ಹೊತ್ತು ಹೋಗಲಿ?

ನನ್ನ ಪ್ರಶ್ನೆ ಇಷ್ಟೇ. ಬರೀ ಬೆಲೆ ನೋಡಿ ನಾವು ಕೊಳ್ಳುವುದಾದರೆ, ಕಳೆದ ವರ್ಷ ಇದೇ ನಾನು ಸೀರೆಗೆ 600 ರೂಪಾಯಿ ಜಾಸ್ತಿ ಕೊಟ್ಟು ಅಂಗಡಿಯಲ್ಲೇ ಯಾಕೆ ಕೊಂಡೆ?

ಮುಲುಂಡ್ ಚೆಕ್‌ನಾಕಾ, 9:50

ಮಾಸ್ಕ್ ಹಾಕಿಕೊಂಡು ಹೋಗಿ ಅಕ್ಕ. 2020ರದ್ದು ಒಂದೆರಡು ಮನೆಯಲ್ಲಿ ಉಳಿದಿರಬೇಕಲ್ಲ.

ಕೊಥ್ರೂಡ್ 411038, 10:15

ನಾಚಿಕೆ ಯಾಕೆ? ಸಾಮಾನು ತೋರಿಸುವುದು ಅಂಗಡಿಯವರ ಕಸುಬು. ಹತ್ತು ಜನಕ್ಕೆ ತೋರಿಸಿದರೆ ನಾಲ್ಕು ಜನ ಕೊಳ್ಳುತ್ತಾರೆ ಎಂಬ ಲೆಕ್ಕ ಅವರಿಗೂ ಇರುತ್ತದೆ. ಅಂಗಡಿಯಲ್ಲಿ ನೋಡಿ ಫೋನಿನಲ್ಲಿ ಕೊಳ್ಳುವುದಕ್ಕೆ ವ್ಯಾಪಾರದವರು ಶೋರೂಮಿಂಗ್ ಅನ್ನುತ್ತಾರೆ. ಫೋನಿನಲ್ಲಿ ಎಲ್ಲ ಓದಿಕೊಂಡು ಹೋಗಿ ಅಂಗಡಿಯಲ್ಲಿ ಕೊಂಡರೆ ಅದು ವೆಬ್‌ರೂಮಿಂಗ್. ನಾನು ಎರಡೂ ಮಾಡುತ್ತೇನೆ. ಟಿವಿ ತೆಗೆದುಕೊಳ್ಳುವಾಗ ಒಂದು ವಾರ ರಿವ್ಯೂ ಓದಿ, ಕೊನೆಗೆ ಅಂಗಡಿಗೆ ಹೋಗಿ ಫೋನಿನ ಬೆಲೆ ತೋರಿಸಿದೆ. ಅವರು ನಕ್ಕು ಇಳಿಸಿದರು, ಗೋಡೆಗೆ ಹಾಕುವ ಸ್ಟ್ಯಾಂಡ್ ಬಿಟ್ಟಿ ಕೊಟ್ಟರು.

ನನ್ನದು ಬೆಲೆಗಿಂತ ಹೊತ್ತಿನ ಪ್ರಶ್ನೆ. ನಾನು ಹಿಂಜವಡಿಯಿಂದ ಮನೆ ಮುಟ್ಟುವಷ್ಟರಲ್ಲಿ ರಾತ್ರಿ 9. ಪುಣೆಯ ಹಳೆ ಪೇಟೆಯ ಅಂಗಡಿಯವರ ಮಧ್ಯಾಹ್ನದ 1ರಿಂದ 4ರ ನಿದ್ದೆಯ ಬಗ್ಗೆ ಇರುವ ಜೋಕು ನಿಮಗೆಲ್ಲ ಗೊತ್ತಲ್ಲ. ಅವರು ಎದ್ದಿರುವಾಗ ನಾನು ಆಫೀಸಿನಲ್ಲಿ. ಚಾರ್ಜರ್, ಬಲ್ಬು, ಪ್ರಿಂಟರಿನ ಇಂಕು, ಇವೆಲ್ಲ ರಾತ್ರಿ 11ಕ್ಕೆ ಹಾಸಿಗೆಯಲ್ಲಿ ಮಲಗಿ ಕೊಳ್ಳುವಂಥವು. ಆದರೆ ಮಗಳ ಶಾಲೆಯ ಪುಸ್ತಕಕ್ಕೆ ಇವತ್ತಿಗೂ ಅಪ್ಪಾ ಬಳವಂತ ಚೌಕಕ್ಕೇ ಹೋಗುತ್ತೇನೆ. ಶಾಲೆಯ ಹೆಸರು, ತರಗತಿ ಹೇಳಿದರೆ ಸಾಕು, ಕಟ್ಟು ತಂದಿಡುತ್ತಾರೆ. ಆಪ್‌ನಲ್ಲಿ ಒಂದೊಂದೇ ಹುಡುಕಿ, ಹಳೆ ಆವೃತ್ತಿ ಬಂದು, ವಾಪಸ್ ಕಳಿಸಿ... ಬೇಡಪ್ಪ.

ಅಂದಹಾಗೆ ನಾವು ವಿಚಿತ್ರದವರೇನಲ್ಲ. 2017ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಒಂದು ಅಧ್ಯಯನ ಬಂದಿತ್ತು. ಅಮೆರಿಕದ ಒಂದು ದೊಡ್ಡ ಮಳಿಗೆಯ 46,000 ಗಿರಾಕಿಗಳನ್ನು ನೋಡಿದರೆ, ಬರೀ ಆನ್‌ಲೈನ್ ಅನ್ನುವವರು ನೂರಕ್ಕೆ 7, ಬರೀ ಅಂಗಡಿ ಅನ್ನುವವರು 20, ಉಳಿದ 73 ಜನ ಎರಡೂ ಕಡೆ ಕಾಲಿಟ್ಟವರು. ಎರಡೂ ಕಡೆ ಇರುವವರೇ ಜಾಸ್ತಿ ಖರ್ಚು ಮಾಡುತ್ತಾರೆ ಎಂದೂ ಇತ್ತು. ನನ್ನ ಹೆಂಡತಿ ಅದನ್ನು ಓದಿ "ಇದಕ್ಕೆ ಅಧ್ಯಯನ ಬೇಕಿತ್ತಾ?" ಎಂದಳು.

ಕಾಂದಿವಲಿ ಮೇಷ್ಟ್ರು, 11:05

ಮೂವತ್ತು ವರ್ಷ ಕಾಮರ್ಸ್ ಪಾಠ ಮಾಡಿದವನು, ಸುಮ್ಮನಿರಲು ಆಗುವುದಿಲ್ಲ.

1972ರಲ್ಲಿ ಎಡ್ವರ್ಡ್ ಟೌಬರ್ ಎಂಬಾತ ಜರ್ನಲ್ ಆಫ್ ಮಾರ್ಕೆಟಿಂಗ್‌ನಲ್ಲಿ ಒಂದು ಪುಟ್ಟ ಲೇಖನ ಬರೆದ. ಜನ ಯಾಕೆ ಶಾಪಿಂಗ್ ಮಾಡುತ್ತಾರೆ ಅನ್ನುವುದೇ ಅದರ ಪ್ರಶ್ನೆ. ಸಾಮಾನು ಬೇಕು ಎಂಬ ಕಾರಣವನ್ನು ಪಕ್ಕಕ್ಕಿಟ್ಟು ಉಳಿದದ್ದನ್ನು ಹುಡುಕಿದ. ಮನೆಯಿಂದ ಹೊರಗೆ ಬೀಳುವ ಆಸೆ, ನಾಲ್ಕು ಜನರನ್ನು ನೋಡುವುದು, ಮುಟ್ಟಿ ಮೂಸಿ ನೋಡುವ ಸುಖ, ಹೊಸದೇನು ಬಂದಿದೆ ತಿಳಿಯುವುದು, ಚೌಕಾಸಿಯ ಮಜ, ಮತ್ತೆ ಎದುರಿಗೆ ಒಬ್ಬ ಸೆಲ್ಸ್‌ಮನ್ ಕೈಕಟ್ಟಿ ನಿಂತಾಗ ಸಿಗುವ ಆ ಒಂದು ಗತ್ತು. ನನ್ನ ಮನೆಯವರು ದಾದರಿನ ರಾನಡೆ ರೋಡಿಗೆ ಹೋಗಿ ಒಂದು ಪ್ಯಾಕೆಟ್ ಪಿನ್ನು ತರುತ್ತಾರೆ, ಬಂದ ಮೇಲೆ ಮೂರು ದಿನ ಖುಷಿಯಾಗಿರುತ್ತಾರೆ. ಆ ಪಿನ್ನು ಆಪ್‌ನಲ್ಲಿ ಹತ್ತು ರೂಪಾಯಿ ಕಡಿಮೆ ಎಂದು ಹೇಳುವ ಧೈರ್ಯ ನನಗಿಲ್ಲ.

ಇನ್ನೊಂದು ಅದಕ್ಕಿಂತ ಉಪಯೋಗದ್ದು. 1970ರಲ್ಲಿ ಫಿಲಿಪ್ ನೆಲ್ಸನ್ ಎಂಬ ಅರ್ಥಶಾಸ್ತ್ರಜ್ಞ ಸಾಮಾನುಗಳನ್ನು ಎರಡು ಮಾಡಿದ. ಕೊಳ್ಳುವ ಮೊದಲೇ ನೋಡಿ ತಿಳಿಯಬಹುದಾದದ್ದು ಒಂದು, ಬಳಸಿದ ಮೇಲೇ ತಿಳಿಯುವುದು ಇನ್ನೊಂದು. ಮೂರು ವರ್ಷದ ಮೇಲೆ ಡಾರ್ಬಿ, ಕಾರ್ನಿ ಎಂಬಿಬ್ಬರು ಮೂರನೆಯದನ್ನು ಸೇರಿಸಿದರು. ಬಳಸಿದ ಮೇಲೂ ನಮಗೆ ತಿಳಿಯದೆ, ನಂಬಿಯೇ ಕೊಳ್ಳಬೇಕಾದದ್ದು. ಚಿನ್ನವನ್ನೇ ತೆಗೆದುಕೊಳ್ಳಿ. ಇಪ್ಪತ್ತು ವರ್ಷ ಬಳೆ ತೊಟ್ಟರೂ ಅದು 22 ಕ್ಯಾರೆಟ್ಟೋ ಅಲ್ಲವೋ ಕೈಗೆ ಗೊತ್ತಾಗುವುದಿಲ್ಲ. ಅದಕ್ಕೇ ಜವೇರಿ ಬಜಾರಿಗೆ ಹೋಗುವವರು "ನಮ್ಮ ಅತ್ತೆಯ ಕಾಲದ ಅಂಗಡಿ" ಎಂದು ಹುಡುಕಿಕೊಂಡು ಹೋಗುತ್ತಿದ್ದರು. 2023ರ ಏಪ್ರಿಲ್‌ನಿಂದ ಎಚ್‌ಯುಐಡಿ, ಅಂದರೆ ಒಂದೊಂದು ಒಡವೆಗೂ ಬೇರೆಯಾದ ಆರು ಅಕ್ಷರ-ಅಂಕಿಗಳ ಗುರುತಿನ ನಂಬರು ಇಲ್ಲದ ಹಾಲ್‌ಮಾರ್ಕ್ ಒಡವೆ ಮಾರುವಂತಿಲ್ಲ ಎಂದಾಯಿತು. ಆ ನಂಬರನ್ನು ಫೋನಿನ ಬಿಐಎಸ್ ಕೇರ್ ಆಪ್‌ನಲ್ಲಿ ಹಾಕಿ ನೋಡಬಹುದು. ಹೀಗೆ ನಂಬಿಕೆಯ ಸಾಮಾನೊಂದು ಮೆಲ್ಲಗೆ ನೋಡಿ ತಿಳಿಯುವ ಸಾಮಾನಾಗುತ್ತಿದೆ. ಹಾಗೆ ನೋಡಿ ತಿಳಿಯುವಂತಾದದ್ದರ ವ್ಯಾಪಾರವೆಲ್ಲ ಫೋನಿಗೆ ಜಾರುತ್ತದೆ.

ಡೊಂಬಿವಲಿ ಅಕ್ಕನವರ ಗ್ರೈಂಡರ್ ಎರಡನೆಯ ಗುಂಪಿನದು. ಅಜ್ಜ ನೀರು ಹಾಕಿ ಓಡಿಸಿ ಅದನ್ನು ಮೊದಲನೆಯ ಗುಂಪಿಗೆ ತಂದರು. ಆ ಕೆಲಸಕ್ಕೆ 750 ರೂಪಾಯಿ. ಅಕ್ಕ ಕೆಲಸ ಮಾಡಿಸಿಕೊಂಡರು, ದುಡ್ಡು ಕೊಡಲಿಲ್ಲ. ಬೈಯುತ್ತಿಲ್ಲಮ್ಮ, ಲೆಕ್ಕ ಹೇಳಿದೆ.

ಡೊಂಬಿವಲಿ ಪೂರ್ವ, 11:12

ಮೇಷ್ಟ್ರೇ, ಬೈದಿದ್ದರೇ ಚೆನ್ನಾಗಿತ್ತು.

ಲಕ್ಷ್ಮೀ ರೋಡ್ ಕೌಂಟರ್, ಸೋಮವಾರ ಬೆಳಿಗ್ಗೆ 8:30

ನಾನು ಪುಣೆಯಲ್ಲಿ ಸೀರೆ ಅಂಗಡಿಯ ಕೌಂಟರಿನಲ್ಲಿ ಇರುವವನು, ಗದಗ ಕಡೆಯವನು. "ಮನೆಯವರನ್ನು ಕೇಳಿ ಬರ್ತೀವಿ" ಅಂದರೆ ನಮಗೆ ಆಗಲೇ ಗೊತ್ತಾಗುತ್ತದ್ರಿ ಅಕ್ಕಾರ. ಸಿಟ್ಟೇನೂ ಬರುವುದಿಲ್ಲ. ಮಡಚುವ ಕೆಲಸ ಮಾತ್ರ ಉಳಿಯುತ್ತದೆ.

ನೀವು 600 ಜಾಸ್ತಿ ಕೊಟ್ಟು ಸೀರೆ ಯಾಕೆ ಅಂಗಡಿಯಲ್ಲಿ ಕೊಂಡಿರಿ ಅಂತ ನಾನು ಹೇಳುತ್ತೇನೆ. ಇಳಕಲ್ ಸೀರೆ ನೋಡಲು ಬರುವ ಹಿರಿಯ ಹೆಣ್ಣುಮಕ್ಕಳು ಮೊದಲು ಬಣ್ಣ ನೋಡುವುದಿಲ್ಲ. ಸೆರಗು ಹುಡುಕಿ, ಒಡಲೂ ಸೆರಗೂ ಸೇರುವ ಜಾಗವನ್ನು ಹೆಬ್ಬೆರಳಿನಿಂದ ಸವರುತ್ತಾರೆ. ಕೈಮಗ್ಗದ ಇಳಕಲ್ಲಿನಲ್ಲಿ ಒಡಲಿನ ಎಳೆ ಬೇರೆ, ಸೆರಗಿನ ರೇಷ್ಮೆ ಎಳೆ ಬೇರೆ. ಎರಡನ್ನೂ ಒಂದರೊಳಗೊಂದು ಸಿಕ್ಕಿಸಿ ಕೊಂಡಿ ಹಾಕಿರುತ್ತಾರೆ. ಆ ಸಾಲು ಬೆರಳಿಗೆ ತಾಕುತ್ತದೆ. ಪವರ್‌ಲೂಮಿನದ್ದು ನುಣ್ಣಗೆ ಹೋಗಿಬಿಡುತ್ತದೆ. ಫೋಟೋದಲ್ಲಿ ಎರಡೂ ಒಂದೇ. ಕೆಂಪು ಸೆರಗು, ಬಿಳಿ ತೆನೆ, ಅಷ್ಟೇ ಕಾಣುವುದು. ಫೋನಿನಲ್ಲಿ "ಇಳಕಲ್" ಎಂದು ಕೊಂಡು, ನಮ್ಮ ಅಂಗಡಿಗೆ ತಂದು "ಇದು ಅಸಲಿನಾ?" ಅಂತ ಕೇಳುವವರಿದ್ದಾರೆ. ಏನು ಹೇಳಲಿ? "ಬಣ್ಣ ಚಲೋ ಅದ" ಅಂತೀನಿ.

ಆದರೆ ನಾವೂ ಈಗ ಬರೀ ಅಂಗಡಿ ಅಲ್ಲ. ಮುಂಜಾನೆ ಹೊಸ ಮಾಲು ಬಂದರೆ ವಾಟ್ಸಾಪಿನಲ್ಲಿ ಫೋಟೋ ಹೋಗುತ್ತದೆ. ಅಮೆರಿಕದ ಸೊಸೆ ವಿಡಿಯೋ ಕಾಲಿನಲ್ಲಿ ಆರಿಸುತ್ತಾಳೆ, ಇಲ್ಲಿಯ ಅತ್ತೆ ಬಂದು ಮುಟ್ಟಿ ನೋಡಿ ಯುಪಿಐ ಮಾಡುತ್ತಾರೆ, ಫಾಲ್-ಪಿಕೊ ಮಾಡಿಸಿ ಕೊರಿಯರಿಗೆ ಕೊಡುತ್ತೇವೆ. ಇದು ಆನ್‌ಲೈನಾ, ಆಫ್‌ಲೈನಾ, ಮೇಷ್ಟ್ರು ಹೇಳಬೇಕು. ಅತ್ತೆಯ ಹೆಬ್ಬೆರಳು ಇಲ್ಲದಿದ್ದರೆ ಮಾತ್ರ ಆ ವ್ಯಾಪಾರ ಆಗುವುದಿಲ್ಲ.

ಭಿವಂಡಿ ಗೋದಾಮು, 1:20

ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ. ನಮ್ಮ ಕಡೆಯ ಕಥೆಯನ್ನೂ ಕೇಳಿ.

ನಮ್ಮಲ್ಲಿ ಆರ್‌ಟಿಒ ಅಂದರೆ ಲೈಸೆನ್ಸ್ ಕೊಡುವ ಆಫೀಸಲ್ಲ. ಗಿರಾಕಿ ಬಾಗಿಲಲ್ಲೇ ಬೇಡ ಅಂದು, ಹೋದ ಡಬ್ಬ ಹೋದ ಹಾಗೇ ಹೊರಟ ಜಾಗಕ್ಕೆ ಬರುವುದು. ಜಾಸ್ತಿ ಬರುವುದು ಕ್ಯಾಶ್ ಆನ್ ಡೆಲಿವರಿಯದ್ದು. ಫ್ಲಿಪ್‌ಕಾರ್ಟ್ 2007ರಲ್ಲಿ ಪುಸ್ತಕ ಮಾರುತ್ತ ಶುರುವಾಯಿತು, 2010ರಲ್ಲಿ ಕೈಗೆ ಬಂದ ಮೇಲೆ ದುಡ್ಡು ಕೊಡಿ ಅಂದಿತು. ಆಮೇಲೇ ನಮ್ಮಪ್ಪನಂಥವರು ಆನ್‌ಲೈನ್ ಮುಟ್ಟಿದ್ದು. ನಮ್ಮ ಜನ ಕಾಣದ ಅಂಗಡಿಗೆ ಮೊದಲೇ ದುಡ್ಡು ಕೊಡುವವರಲ್ಲ. ಈಗ ಯುಪಿಐ ಬಂದ ಮೇಲೂ ನಮ್ಮಪ್ಪ ಡೆಲಿವರಿ ಹುಡುಗನ ಮುಂದೆ ನಿಂತೇ ಸ್ಕ್ಯಾನ್ ಮಾಡುವುದು. ಫೋನು ಅದೇ, ಬ್ಯಾಂಕು ಅದೇ. ಆದರೆ ಎದುರಿಗೆ ಒಬ್ಬ ಮನುಷ್ಯ ಬೇಕು.

ಬಟ್ಟೆಯದ್ದು ಇನ್ನೊಂದು. ಒಂದೇ ಕುರ್ತಾ ಎಂ, ಎಲ್, ಎಕ್ಸ್‌ಎಲ್ ಮೂರೂ ತರಿಸಿ ಎರಡನ್ನು ವಾಪಸ್ ಕಳಿಸುತ್ತಾರೆ. ತಪ್ಪೇನಿಲ್ಲ, ಮನೆಯನ್ನೇ ಟ್ರಯಲ್ ರೂಮು ಮಾಡಿಕೊಂಡಿದ್ದಾರೆ. ಕನ್ನಡಿ ನಿಮ್ಮದು, ಲೈಟು ನಿಮ್ಮದು, ಹೊರಗೆ ನಿಂತು ಬಾಗಿಲು ತಟ್ಟುವವರಿಲ್ಲ. ಆದರೆ ವಾಪಸ್ ಬಂದದ್ದನ್ನು ಬಿಚ್ಚಿ, ಮೂಸಿ, ಕಲೆ ನೋಡಿ, ಇಸ್ತ್ರಿ ಮಾಡಿ, ಮತ್ತೆ ಚೀಟಿ ಅಂಟಿಸುವವರು ನಾವು. ಮದುವೆ ಸೀಸನ್ ಮುಗಿದ ವಾರ ಬರುವ ಲೆಹೆಂಗಾಗಳಲ್ಲಿ ಸೆಂಟಿನ ವಾಸನೆ ಇರುತ್ತದೆ. ಇಷ್ಟು ಸಾಕು.

ಅಂಧೇರಿ ಮೆಟ್ರೋ, 2:05

ಯಾರೂ ಹತ್ತು ನಿಮಿಷದ ಆಪ್ ಬಗ್ಗೆ ಮಾತಾಡುತ್ತಿಲ್ಲವಲ್ಲ! ಝೆಪ್ಟೋ 2021ರಲ್ಲಿ ಇದೇ ಮುಂಬಯಿಯಲ್ಲಿ ಶುರುವಾದದ್ದು. ಗ್ರೋಫರ್ಸ್ ಅದೇ ವರ್ಷದ ಕೊನೆಗೆ ಬ್ಲಿಂಕಿಟ್ ಆಯಿತು. ನಾನೂ ರೂಮ್‌ಮೇಟೂ ಕೊತ್ತಂಬರಿ ಸೊಪ್ಪಿಗೂ ಫೋನ್ ಒತ್ತುವವರು. ಸೋಮಾರಿತನ ಅನ್ನಬೇಡಿ. ರಾತ್ರಿ 9ಕ್ಕೆ ಮೂರನೇ ಮಹಡಿಯಿಂದ ಇಳಿದು, ಲಿಫ್ಟ್ ಇಲ್ಲ, ಮಳೆ ಬೇರೆ.

ಆದರೆ ಒಂದು ಸಾಮಾನಿಗೆ ಹೋದವಳು ಐದು ತರುವುದು ಅಂಗಡಿಯಲ್ಲಿ ಮಾತ್ರ ಅಂದುಕೊಂಡಿದ್ದೆ. ಆಪ್ ಕೂಡ "ಇನ್ನು 38 ರೂಪಾಯಿ ಸೇರಿಸಿದರೆ ಡೆಲಿವರಿ ಉಚಿತ" ಅನ್ನುತ್ತದೆ. 25 ರೂಪಾಯಿ ಉಳಿಸಲು 38ರ ಚಕ್ಕುಲಿ ಕೊಂಡಿರುತ್ತೇನೆ. ಕೊನೆಯ ಪರದೆಯಲ್ಲಿ ಹ್ಯಾಂಡ್ಲಿಂಗ್, ಸಣ್ಣ ಕಾರ್ಟು, ಮಳೆ ಎಂದು ಒಂದೊಂದೇ ಚಾರ್ಜು ಇಣುಕುತ್ತದೆ. ಹೀಗೆ ಬೆಲೆಯನ್ನು ಹನಿಹನಿಯಾಗಿ ತೋರಿಸುವುದು, "ಎರಡೇ ಉಳಿದಿವೆ" ಎಂದು ಸುಳ್ಳು ಅವಸರ ಮಾಡಿಸುವುದು, ಕೇಳದೆ ಬುಟ್ಟಿಗೆ ಸೇರಿಸುವುದು, ಇಂಥ 13 ಮೋಸದ ವಿನ್ಯಾಸಗಳನ್ನು ಕೇಂದ್ರ ಸರ್ಕಾರ 2023ರ ನವೆಂಬರಿನಲ್ಲಿ ಪಟ್ಟಿ ಮಾಡಿ ನಿಷೇಧಿಸಿದೆ. ಡಾರ್ಕ್ ಪ್ಯಾಟರ್ನ್ ಅನ್ನುತ್ತಾರೆ.

ನಮ್ಮ ಕೆಳಗಿನ ಕಿರಾಣಿ ಶೇಠ್ ಕೂಡ "ಆಖ್ರೀ ಪೀಸ್" ಅನ್ನುತ್ತಾರೆ ಬಿಡಿ. ಅವರ ಮುಖ ನೋಡಿದರೆ ಸುಳ್ಳು ಗೊತ್ತಾಗುತ್ತದೆ, ಅಷ್ಟೇ ವ್ಯತ್ಯಾಸ.

ಬ್ಯಾಂಕಿನಿಂದ ನಿವೃತ್ತ, ಠಾಣೆ, 4:40

ಕಾರ್ಡಿನ ಆಫರ್ ನೋಡಿ ಓಡುವವರಿಗೆ ಒಂದು ಮಾತು. "ನೋ ಕಾಸ್ಟ್ ಇಎಂಐ" ಎಂಬುದಕ್ಕೆ ಬಡ್ಡಿ ಇಲ್ಲ ಎಂದರ್ಥವಲ್ಲ. ಸೊನ್ನೆ ಬಡ್ಡಿಯ ಸ್ಕೀಮು ಬೇಡ ಎಂದು ರಿಸರ್ವ್ ಬ್ಯಾಂಕು 2013ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಆದ್ದರಿಂದ ಬಡ್ಡಿಯಷ್ಟು ಮೊತ್ತವನ್ನು ಮೊದಲೇ ಡಿಸ್ಕೌಂಟ್ ಎಂದು ಕಳೆದು, ಆಮೇಲೆ ಬಡ್ಡಿ ಎಂದು ವಸೂಲು ಮಾಡುತ್ತಾರೆ. ಆ ಬಡ್ಡಿಯ ಮೇಲೆ ಜಿಎಸ್‌ಟಿ ಬೀಳುತ್ತದೆ, ಪ್ರೊಸೆಸಿಂಗ್ ಫೀ ಇದ್ದರೆ ಅದೂ. ಅಂಗಡಿಯಲ್ಲಿ ನಗದು ಕೊಟ್ಟರೆ ಎಷ್ಟು ಬಿಡುತ್ತೀರಿ ಎಂದು ಒಮ್ಮೆ ಕೇಳಿ ನೋಡಿ. ಎಷ್ಟೋ ಸಲ ನಗದು ಬೆಲೆಯೇ ಕಡಿಮೆ ಇರುತ್ತದೆ. ಆಪ್ ಹತ್ತಿರ ಕೇಳಲು ಬರುವುದಿಲ್ಲ.

ವಾಸ್ಕೋದಿಂದ, 7:15

ನೀವೆಲ್ಲ ಗ್ರೈಂಡರು, ಟಿವಿ ಅಂತೀರಿ. ನಮ್ಮ ಗೋವಾದ ಕಥೆ ಬೇರೆ. ಇಲ್ಲಿ ಕೂಲಿ, ಗಾರೆ ಕೆಲಸಕ್ಕೆ ಬಂದ ಬಾಗಲಕೋಟೆ, ವಿಜಯಪುರ ಕಡೆಯ ಮಂದಿ ಬಹಳ. ನಮ್ಮ ಓಣಿಯಲ್ಲಿ ಎಲ್ಲರ ಕೈಯಲ್ಲೂ ಫೋನ್ ಇದೆ. ಆದರೆ ಫೋನು ಉದ್ರಿ ಕೊಡುವುದಿಲ್ಲ. ಮಳೆಗಾಲದಲ್ಲಿ ಕೆಲಸ ನಿಂತಾಗ ಅಕ್ಕಿ, ಎಣ್ಣೆ, ಸೋಪು ಬರೆದಿಟ್ಟುಕೊಂಡು ಕೊಡುವವನು ಮೂಲೆ ಅಂಗಡಿಯವನು. ಅವನ ಹತ್ತಿರ ಎರಡು ರೂಪಾಯಿ ಜಾಸ್ತಿ ಇರುತ್ತದೆ, ಗೊತ್ತು. ಕೆಲಸ ಇದ್ದಾಗ ಅವನನ್ನು ಬಿಟ್ಟು ಆಪ್‌ನಲ್ಲಿ ತರಿಸಿ, ಮಳೆಗಾಲದಲ್ಲಿ ಅವನ ಮುಂದೆ ಹೋಗಿ ನಿಲ್ಲಲು ಆಗುತ್ತದೇನ್ರಿ?

ಇನ್ನೊಂದು, ಜೋಳದ ಹಿಟ್ಟು. ಒಮ್ಮೆ ಮಗ ಆನ್‌ಲೈನಿನಲ್ಲಿ ತರಿಸಿದ. ಪ್ಯಾಕೆಟ್ ಚೆಂದ, ಬೆಲೆಯೂ ಅಡ್ಡಿಯಿಲ್ಲ. ಹಳೆ ಹಿಟ್ಟು, ಜಿಗಿ ಇರಲಿಲ್ಲ. ತಟ್ಟಿದರೆ ರೊಟ್ಟಿಯ ಅಂಚೆಲ್ಲ ಸೀಳುತ್ತದೆ, ಹಂಚಿಗೆ ಎತ್ತಿ ಹಾಕುವಾಗ ಎರಡು ತುಂಡು. ಅವತ್ತು ನಮ್ಮವ್ವ ಮಗನನ್ನು ಬೈದದ್ದು ಇಲ್ಲಿ ಬರೆಯುವಂಥದ್ದಲ್ಲ. ಈಗ ಊರಿನ ಬಸ್ಸಿಗೆ ಜೋಳ ತರಿಸಿ, ಇಲ್ಲೇ ಗಿರಣಿಗೆ ಹಾಕಿಸುತ್ತೇವೆ. ಶುಕ್ರವಾರ ಬಿಡುವಿದ್ದರೆ ಮ್ಹಾಪ್ಸೆ ಸಂತೆ. ದೂರ ಹೌದು. ಆದರೂ ಸಂತೆಗೆ ಹೋದಂತಾಗಬೇಕಲ್ಲ.

ಮಾಟುಂಗಾ 400019, 9:30

ನಾನು ಇದೇ ಏರಿಯಾದಲ್ಲಿ ಹುಟ್ಟಿ ಬೆಳೆದವನು, ಆದ್ದರಿಂದ ಸ್ವಲ್ಪ ಖಾರವಾಗಿ ಹೇಳುತ್ತೇನೆ ಮಾರಾಯ್ರೆ. ಮುಕ್ಕಾಲು ಗಂಟೆ ಒಬ್ಬ ವಯಸ್ಸಾದವರಿಂದ ಡಬ್ಬ ಇಳಿಸಿ ಬಿಚ್ಚಿಸಿದ್ದು ನನಗೆ ಸರಿ ಕಾಣಲಿಲ್ಲ. ಕೊಥ್ರೂಡ್‌ನವರ ಹಾಗೆ ಬೆಲೆ ತೋರಿಸಿ ಕೇಳಿದ್ದರೆ 300-400 ಇಳಿಸುತ್ತಿದ್ದರೋ ಏನೋ. ಕೇಳದೆ ಬಂದದ್ದು ತಪ್ಪು. ದೊಡ್ಡ ಅಂಗಡಿ, ಆಪ್ ಬಂದರೆ ಸಣ್ಣವರು ಮುಳುಗುತ್ತಾರೆ ಎಂಬ ಮಾತು ನಾನು ಬಹಳ ಕೇಳಿದ್ದೇನೆ. 2002ರಲ್ಲಿ ಪವಾಯಿಯಲ್ಲಿ ಡಿಮಾರ್ಟ್ ಶುರುವಾಯಿತು, ನಮ್ಮ ಕಿರಾಣಿಯವನು ಮುಳುಗಲಿಲ್ಲ. ಬಿಗ್ ಬಜಾರೇ 2022ರಲ್ಲಿ ಬಾಗಿಲು ಹಾಕಿತು. ಸಣ್ಣವನು ಉಳಿಯುವುದು ಬೆಲೆಯಿಂದಲ್ಲ. ಹಾಳಾದರೆ ನಾಳೆಯೂ ಅದೇ ಜಾಗದಲ್ಲಿ ಕೂತಿರುತ್ತಾನೆ ಎಂಬ ಧೈರ್ಯದಿಂದ. ಮಿಕ್ಸಿ, ಕುಕ್ಕರು, ಗ್ಯಾಸ್ ಒಲೆ, ಅಂದರೆ ಒಂದಿನ ರಿಪೇರಿಗೆ ಬರುವಂಥದ್ದನ್ನು ನಾನು ಎದುರಿಗೆ ಮನುಷ್ಯ ಇರುವ ಕಡೆಯೇ ಕೊಳ್ಳುವುದು. ಕೆಟ್ಟರೆ ಎಸೆಯುವಂಥದ್ದಕ್ಕೆ ಫೋನು ಸಾಕು.

ಈಗ ಕೆಲಸದ ಮಾತು. ಹಳೆ ಬೆಲ್ಟಿನ ಮೇಲೆ ನಂಬರ್ ಅಚ್ಚಾಗಿರುತ್ತದೆ, ಅದನ್ನು ಬರೆದುಕೊಂಡು ಹೋಗಿ. ಗ್ಯಾರಂಟಿ ಇರುವ ಕಾರಣ ಮೊದಲು ಆಪ್‌ನವರಿಗೆ ಲಿಖಿತ ದೂರು ಕೊಡಿ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ನಿಮ್ಮ ದೂರು ತಲುಪಿತು ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಆಗದಿದ್ದರೆ ಗ್ರಾಹಕ ಸಹಾಯವಾಣಿ 1915, ಕನ್ನಡದಲ್ಲೂ ಮಾತಾಡಬಹುದು. ಅಲ್ಲಿಯವರೆಗೆ ಇಡ್ಲಿ ನಿಲ್ಲಬಾರದಲ್ಲ, ಅಜ್ಜನ ಹತ್ತಿರ ಹೋಗಿ.

ಡೊಂಬಿವಲಿ ಪೂರ್ವ, ಶನಿವಾರ ಸಂಜೆ 6:10

ಹೋಗಿ ಬಂದೆ. ದೂರೂ ಕೊಟ್ಟಿದ್ದೇನೆ, ಉತ್ತರ ಬಂದಿದೆ, ಮನುಷ್ಯ ಬಂದಿಲ್ಲ.

ಅಜ್ಜ ಕೌಂಟರಿನಲ್ಲೇ ಇದ್ದರು. ಬೆಲ್ಟಿನ ನಂಬರ್ ಬರೆದ ಚೀಟಿ ಕೊಟ್ಟೆ. ಚೀಟಿ ನೋಡಿದರು, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಎಲ್ಲಿ ಕೊಂಡಿರಿ ಎಂದು ಕೇಳಲಿಲ್ಲ. "ಮೊದಲು ಹಳೆ ಅಕ್ಕಿ ಹಾಕಿ ಅರೆದು ಚೆಲ್ಲಿದಿರಾ?" ಎಂದು ಕೇಳಿದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. "ಹೂಂ" ಎಂದೆ.

ಬೆಲ್ಟು ಕೊಡಲಿಲ್ಲ. ಹೊಸ ಗ್ರೈಂಡರಿನ ಬೆಲ್ಟು ಇಷ್ಟು ಬೇಗ ಸವೆಯುವುದಿಲ್ಲವಂತೆ. ಸಾಗಣೆಯಲ್ಲಿ ಅಲುಗಾಡಿ ಮೋಟಾರಿನ ಬೋಲ್ಟು ಸಡಿಲವಾಗಿರುತ್ತದೆ, ಮೋಟಾರನ್ನು ಸ್ವಲ್ಪ ಹಿಂದಕ್ಕೆ ಎಳೆದು ಬಿಗಿ ಮಾಡಿದರೆ ಬೆಲ್ಟು ತಾನಾಗಿ ಬಿಗಿಯಾಗುತ್ತದೆ ಎಂದರು. "ನೀವು ಬಿಚ್ಚಬೇಡಿ, ಗ್ಯಾರಂಟಿ ಹೋಗುತ್ತದೆ. ಸರ್ವಿಸಿನವನು ಬಂದಾಗ ಇದನ್ನೇ ಹೇಳಿ. ಅವನು ಹೊಸ ಬೆಲ್ಟು ಹಾಕುತ್ತೇನೆ ಅಂದರೆ ಒಪ್ಪಬೇಡಿ." 180 ರೂಪಾಯಿಯ ವ್ಯಾಪಾರವನ್ನು ಅವರೇ ಕೈಯಾರೆ ಬಿಟ್ಟರು.

ಸುಮ್ನೆ ಬರಲು ಕಾಲು ಏಳಲಿಲ್ಲ. ಒಂದು ಇಡ್ಲಿ ಸ್ಟ್ಯಾಂಡ್ ಕೊಂಡೆ. ಮನೆಯಲ್ಲಿ ಆಗಲೇ ಎರಡಿವೆ.

ಮುಲುಂಡ್ ಚೆಕ್‌ನಾಕಾ, 6:14

ಬರುವಾಗ ಟ್ರೈನಿನಲ್ಲಿ ಫೋನ್ ತೆಗೆದು ಇಡ್ಲಿ ಸ್ಟ್ಯಾಂಡಿನ ಬೆಲೆ ನೋಡಿದಿರಾ ಅಕ್ಕ? ನಿಜ ಹೇಳಿ.

ಡೊಂಬಿವಲಿ ಪೂರ್ವ, 6:20

ಕುರ್ಲಾದಲ್ಲಿ ನೋಡಿದೆ. 40 ರೂಪಾಯಿ ಕಡಿಮೆ ಇತ್ತು. ಮನೆಯವರಿಗೆ ಹೇಳಿಲ್ಲ.